ಜಾಝ್ ಹಾಡಬೇಕಾ? ಮೊದಲು ಚಪ್ಪಾಳೆ ಸರಿ ಮಾಡಿಕೊಳ್ಳಿ

ತುಮಕೂರಿನ ಅಮಾನಿಕೆರೆ ಹತ್ತಿರದ ಒಂದು ಮಹಡಿ ಕೋಣೆಯಲ್ಲಿ ತಿಂಗಳಿಗೆ ಎರಡು ಭಾನುವಾರ ನಾವು ಹತ್ತು-ಹನ್ನೆರಡು ಜನ ಜಾಝ್ ಕಾರ್ಯಾಗಾರಕ್ಕೆ ಸೇರುತ್ತೇವೆ. ಹೇಳಿಕೊಡುವವರು ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬರುತ್ತಾರೆ. ಹೊಸಬರಲ್ಲಿ ಸಂಗೀತ ಜೂನಿಯರ್ ಪಾಸಾದವರಿದ್ದಾರೆ, ಆರ್ಕೆಸ್ಟ್ರಾದಲ್ಲಿ ಹಾಡಿದವರಿದ್ದಾರೆ. ಒಳ್ಳೊಳ್ಳೆ ಕಂಠ. ಆದರೆ ಎಲ್ಲರೂ ಎಡವುವುದು ಒಂದೇ ಕಡೆ. ಬಂದ ದಿನವೇ 'ಡೂಬಿ ಡೂಬಿ' ಅಂತ ಅರ್ಥವಿಲ್ಲದ ಅಕ್ಷರ ಹಾಡಲು ಶುರು ಮಾಡುತ್ತಾರೆ, ತಾಳದ ನಡೆ ಮಾತ್ರ ಇರುವುದಿಲ್ಲ.

ಮೊದಲ ವಾರ ಹಾಡಲೇಬೇಡಿ, ಕೇಳಿ. ಅಮೆರಿಕದ ಜಾಝ್ ಗಾಯಕಿಯರಾದ ಎಲಾ ಫಿಟ್ಜ್‌ಜೆರಾಲ್ಡ್ ಮತ್ತು ಬಿಲ್ಲಿ ಹಾಲಿಡೇ, ಇಬ್ಬರೇ ಸಾಕು. ಬಿಲ್ಲಿ ಹಾಡುವಾಗ ಪದ ತಾಳಕ್ಕಿಂತ ಒಂದು ಚೂರು ಹಿಂದೆ ಬೀಳುವುದನ್ನು ಗಮನಿಸಿ.

ಇನ್ನು ಚಪ್ಪಾಳೆ. ಇದಕ್ಕೆ ಒಂದು ತಿಂಗಳು ಕೊಡಿ, ಅವಸರ ಬೇಡ. ನಾಲ್ಕು ಎಣಿಕೆಯಲ್ಲಿ ನಮ್ಮ ಕೈ ತಾನಾಗಿ ಒಂದಕ್ಕೆ ಬೀಳುತ್ತದೆ, ಆದಿತಾಳದ ಅಭ್ಯಾಸ ಅಲ್ವಾ. ಜಾಝ್‌ನಲ್ಲಿ ಒತ್ತು ಎರಡಕ್ಕೆ ಮತ್ತು ನಾಲ್ಕಕ್ಕೆ. ಟಿಕ್ ಟಿಕ್ ಅಂತ ವೇಗ ತೋರಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಟಿಕ್‌ಗೆ ಇಡಿ. ಮೊದಲ ಟಿಕ್‌ಗೆ 'ಎರಡು' ಅನ್ನಿ, ಮುಂದಿನದಕ್ಕೆ 'ನಾಲ್ಕು'. ಒಂದು, ಮೂರು ಎರಡನ್ನೂ ನಡುವಿನ ಖಾಲಿ ಜಾಗದಲ್ಲಿ ನೀವೇ ತುಂಬಿ. ಈಗ ಹಾಡಿನ ವೇಗ ನಿಮಿಷಕ್ಕೆ 120 ಎಣಿಕೆ. ಹತ್ತು ನಿಮಿಷದಲ್ಲಿ ಟಿಕ್ ಮತ್ತೆ ಒಂದಕ್ಕೆ ಜಾರಿದರೆ ಗಾಬರಿ ಬೇಡ, ನಿಲ್ಲಿಸಿ ಮತ್ತೆ ಶುರು ಮಾಡಿ.

ನಮ್ಮಲ್ಲಿ ಇಪ್ಪತ್ತು ವರ್ಷ ಕರ್ನಾಟಕ ಸಂಗೀತ ಹಾಡಿದ ಒಬ್ಬರಿದ್ದಾರೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಪ್ರತಿ ಸಲ ಅವರ ಕೈ ಒಂದಕ್ಕೇ ಬೀಳುತ್ತಿತ್ತು. ಹೇಳಿಕೊಡುವವರು ಅವರಿಗೆ ಹಾಡುವುದು ಬಿಟ್ಟು ಕೋಣೆ ಸುತ್ತ ನಡೆಯಲು ಹೇಳಿದರು. ಎಡಗಾಲು ಒಂದು, ಬಲಗಾಲು ಎರಡು, ಬಲಗಾಲಿಗೆ ಮಾತ್ರ ಚಪ್ಪಾಳೆ. ಅರ್ಧ ಗಂಟೆ ಸೆರಗು ಸಿಕ್ಕಿಸಿಕೊಂಡು ನಡೆದರು. ಆಮೇಲೆ ಹಾಡಿದರೆ ಅದೇ ಸಾಲು, ಅದೇ ಸ್ವರ, ಆದರೆ ಈಗ ಹಾಡು ತೂಗುತ್ತಿತ್ತು, ಕೂತಿದ್ದ ನಮ್ಮ ತಲೆಗಳೂ ಆಡತೊಡಗಿದವು.

ಚಪ್ಪಾಳೆ ಕೂತ ಮೇಲೆ ಸ್ವಿಂಗ್, ಅಂದರೆ ಜಾಝ್‌ನ ಆ ತೂಗುವ ನಡೆ. ಪ್ರತಿ ಎಣಿಕೆಗೂ ತಿಶ್ರದಲ್ಲಿ, ಅಂದರೆ ಮೂರು ಸಮಭಾಗ ಮಾಡಿ, 'ತಕಿಟ' ಹೇಳಿ, ನಂತರ 'ಕಿ' ನುಂಗಿ. ತ… ಟ, ತ… ಟ. ತ ಉದ್ದ, ಟ ಗಿಡ್ಡ. ನಮ್ಮವರು ಇದನ್ನು ಸಮ ಮಾಡಿ 'ತಕ ತಕ' ಅಂದುಬಿಡುತ್ತಾರೆ, ಇಲ್ಲ ಅಂದ್ರೆ ಜಾಸ್ತಿ ಎಳೆದು ಕುದುರೆ ಓಟ ಮಾಡುತ್ತಾರೆ. ಹಾಡು ವೇಗವಾದಷ್ಟೂ ಈ ವ್ಯತ್ಯಾಸ ಕಮ್ಮಿಯಾಗುತ್ತದೆ, ಅದನ್ನು ಕಿವಿಯೇ ಕಲಿಸಬೇಕು.

ಎಕೋ ಬರುವ ಬ್ಲೂಟೂತ್ ಕರೋಕೆ ಮೈಕ್ ದಯವಿಟ್ಟು ಕೊಳ್ಳಬೇಡಿ. ನಾನು ಆರು ತಿಂಗಳು ಅದರಲ್ಲೇ ಹಾಡಿದೆ. ಪದ ಎಲ್ಲಿ ಬೀಳುತ್ತಿದೆ ಅಂತ ಗೊತ್ತೇ ಆಗಲಿಲ್ಲ, ತಪ್ಪನ್ನೆಲ್ಲ ಅದು ಮುಚ್ಚಿಹಾಕುತ್ತಿತ್ತು. ಫೋನಿನ ಸಾದಾ ರೆಕಾರ್ಡರ್ ಸಾಕು. ಕೀಬೋರ್ಡಿನಲ್ಲಿ 'ಸ್ವಿಂಗ್' ಬಟನ್ ಒತ್ತಿ ಅದರ ಜೊತೆ ಹಾಡುವುದೂ ಬೇಡ, ಎಣಿಕೆ ನಿಮ್ಮ ಮೈಯೊಳಗೆ ಬರಬೇಕು.

ಆಮೇಲೆ ಹನ್ನೆರಡು ಬಾರಿನ ಬ್ಲೂಸ್, ಜಾಝ್‌ನಲ್ಲಿ ಮತ್ತೆ ಮತ್ತೆ ಬರುವ ಒಂದು ಹಾಡಿನ ಚೌಕಟ್ಟು. ಇಲ್ಲಿ ಒಂದು ಬಾರು ಅಂದರೆ ನಾಲ್ಕು ಎಣಿಕೆಯ ಒಂದು ಸುತ್ತು. ತಂಬೂರಿ ಆಫ್ ಮಾಡಿ, ಇಲ್ಲಿ ಆಧಾರವೇ ಜಾಗ ಬದಲಿಸುತ್ತದೆ. ನಾಲ್ಕು ಬಾರು ಸ, ಎರಡು ಮ, ಎರಡು ಸ, ಒಂದು ಪ, ಒಂದು ಮ, ಕೊನೆಗೆ ಎರಡು ಸ. ಮೊದಲು ಬರೀ ಈ ಸ್ವರಗಳನ್ನು ಹಿಡಿದು ಹಾಡಿ. ನಂತರ ಸ ಇರುವಾಗ ಅಂತರ ಗಾಂಧಾರ ಹಾಡುತ್ತಿರಿ, ಮ ಬಂದ ಕ್ಷಣ ಸಾಧಾರಣ ಗಾಂಧಾರಕ್ಕೆ ಇಳಿಯಿರಿ. ಹಾಗೆಯೇ ಕೈಶಿಕಿ ನಿಷಾದದಿಂದ ಚತುಶ್ರುತಿ ಧೈವತಕ್ಕೆ. ಅರ್ಧ ಸ್ವರ ಇಳಿದರೆ ಸಾಕು, ಪಿಯಾನೊ ಇಲ್ಲದಿದ್ದರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾದದ್ದು ಕೇಳುವವರಿಗೆ ಗೊತ್ತಾಗುತ್ತದೆ. ಗಮಕ ಬೇಡ, ಸ್ವರ ನೇರ ನಿಲ್ಲಲಿ, ಬೇಕಾದರೆ ಕೊನೆಯಲ್ಲಿ ಚೂರು ಅಲುಗಲಿ.

ಇಷ್ಟಾದ ಮೇಲೆ ಸ್ಕ್ಯಾಟ್, ಅಂದರೆ ಮೊದಲು ಹೇಳಿದ 'ಡೂಬಿ ಡೂಬಿ' ಹಾಡುಗಾರಿಕೆ. ಇದನ್ನು ಜನಪ್ರಿಯ ಮಾಡಿದ್ದು 1926ರ ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಣ, ಅವರು ಕಹಳೆಯನ್ನೂ ನುಡಿಸುತ್ತಿದ್ದವರು. ಹಾಗಾಗಿ ಕಹಳೆಯ ಒಂದು ಸಾಲನ್ನು ಬಾಯಲ್ಲಿ ನಕಲು ಮಾಡಿ. ಕೊನ್ನಕೋಲಿನ (ತಾಳವನ್ನು ಬಾಯಲ್ಲಿ ಹೇಳುವ ಜತಿಯ) ತ, ದಿ ಇಲ್ಲಿ ಗಟ್ಟಿ ಅನಿಸುತ್ತವೆ, ದೂ, ಬ, ವಾ ಸಾಕು. ನಮ್ಮ ಸಂಗೀತ ಬಿಡದೆಯೂ ಜಾಝ್ ಜೊತೆ ಹಾಡಬಹುದು ಅನ್ನುವುದಕ್ಕೆ ಬೆಂಗಳೂರಿನ ಕರ್ನಾಟಕ ಸಂಗೀತ ಗಾಯಕಿ ಆರ್.ಎ. ರಮಾಮಣಿ ಇದ್ದಾರೆ. 1983ರಲ್ಲಿ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಅವರು ಹಾಡಿದ ಆಲ್ಬಮ್ ಹುಡುಕಿ ಕೇಳಿ. ಆ ದಾರಿ ಬೇರೆ, ಆದರೆ ಕಿವಿ ತೆರೆಯುತ್ತದೆ.

ಎಲ್ಲರ ಮುಂದೆ ಹಾಡುವ ನಿಮ್ಮ ಸರದಿ ಬಂದಾಗ ಪಿಯಾನೊದವರಿಗೆ ಶ್ರುತಿ ಮೊದಲೇ ಹೇಳಿ. ಎಣಿಕೆ ಕೊಡುವವರು ನೀವೇ. ಮೊದಲ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ, ವೇಗ ಸಿಗುತ್ತದೆ. ಆ ವೇಗದಲ್ಲೇ ಬೆರಳು ಚಿಟಿಕೆ ಹೊಡೆಯುತ್ತಾ ಹೇಳಿ: ಒಂದು… ಎರಡು… ಒಂದು, ಎರಡು, ಮೂರು, ನಾಲ್ಕು.