ಹೋಂಸ್ಟೇ ಪತ್ರ ಸ್ಪ್ಯಾಮ್‌ಗೆ ಬೀಳದ ಹಾಗೆ ಕಳಿಸುವುದು ಹೇಗೆ?

ಸೋಮವಾರಪೇಟೆ ಸುತ್ತಮುತ್ತ ಹೋಂಸ್ಟೇ ನಡೆಸುವವರಿಗೆ, ಕಾಫಿಪುಡಿ ಮಾರುವವರಿಗೆ ತಿಂಗಳ ಇಮೇಲ್ ಪತ್ರ ಮಾಡಿಕೊಡುವುದು ನನ್ನ ಕೆಲಸ. ಎಲ್ಲರೂ ಕೇಳುವುದು ಒಂದೇ: "ಆಫರ್ ಅಂತ ಬರೆದಿದ್ದಕ್ಕೆ ಸ್ಪ್ಯಾಮ್‌ಗೆ ಹೋಯ್ತಾ?" ಪದಗಳ ತಪ್ಪು ಕಡಿಮೆ. ಕಳಿಸಿದ್ದು ನಿಜಕ್ಕೂ ನೀವೇನಾ, ಪತ್ರ ಪಡೆಯುವವರು ಅದನ್ನು ಕೇಳಿದ್ರಾ ಅನ್ನೋದೇ ಜಾಸ್ತಿ ಮುಖ್ಯ.

ಮೊದಲು ಸ್ವಂತ ಡೊಮೇನ್ (ನಿಮ್ಮದೇ ಹೆಸರಿನ ಇಂಟರ್ನೆಟ್ ವಿಳಾಸ) ತಗೊಳ್ಳಿ. ಜಿಮೇಲ್ ವಿಳಾಸವನ್ನೇ ಹಾಕಿ ಇಮೇಲ್ ಪತ್ರ ಕಳಿಸಿಕೊಡುವ ಬೇರೆ ಸೇವೆಯಿಂದ ಸಾವಿರಾರು ಪತ್ರ ಬಿಟ್ಟರೆ, ಆ ಸೇವೆಗೆ ಜಿಮೇಲ್ ಹೆಸರಲ್ಲಿ ಕಳಿಸುವ ಹಕ್ಕೇ ಇಲ್ಲ, ಅಲ್ವಾ? ಆಮೇಲೆ ಡೊಮೇನ್ ಕೊಂಡ ಕಡೆ ಡಿಎನ್‌ಎಸ್ (ಡೊಮೇನ್ ಸೆಟ್ಟಿಂಗ್) ಪುಟ ತೆರೆದು ಮೂರು ದಾಖಲೆ ಸೇರಿಸಿ: ನಿಮ್ಮ ಹೆಸರಲ್ಲಿ ಯಾರು ಕಳಿಸಬಹುದು ಎನ್ನುವ ಎಸ್‌ಪಿಎಫ್, ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ, ಇವು ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್. ಮೊದಲೆರಡರಲ್ಲಿ ಏನು ಹಾಕಬೇಕೆಂದು ನಿಮ್ಮ ಪತ್ರ ಸೇವೆಯೇ ಕೊಡುತ್ತದೆ, ಕಾಪಿ ಮಾಡಿದರೆ ಸಾಕು. ಎಡವುವುದು ಎಸ್‌ಪಿಎಫ್‌ನಲ್ಲಿ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹೊಸ ಸೇವೆ ಬಂತೆಂದು ಇನ್ನೊಂದು ಸಾಲು ಸೇರಿಸಿದರೆ ಎರಡೂ ಕೆಡುತ್ತವೆ. ಹಳೆಯ ಸಾಲಿನೊಳಗೇ ಹೊಸದನ್ನು ಸೇರಿಸಬೇಕು. ಡಿಮಾರ್ಕ್ ಅನ್ನು 'p=none' (ಯಾವ ಪತ್ರವನ್ನೂ ತಡೆಯಬೇಡ) ಎಂದು ಶುರು ಮಾಡಿ, ಬಿಗಿ ಮಾಡುವುದು ಆಮೇಲೆ.

ಸರಿಯಾಯ್ತಾ ಅಂತ ನೋಡಲು ನಿಮ್ಮದೇ ಜಿಮೇಲ್‌ಗೆ ಒಂದು ಪತ್ರ ಕಳಿಸಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕೆ ಒತ್ತಿ, 'ಶೋ ಒರಿಜಿನಲ್' ಆರಿಸಿ. ಮೂರರ ಮುಂದೆಯೂ 'ಪಾಸ್' ಇರಬೇಕು.

ಇನ್ನು ಪಟ್ಟಿ. ಗೆಸ್ಟ್ ರಿಜಿಸ್ಟರ್‌ನಲ್ಲಿ ಇಮೇಲ್ ಬರೆದರು ಅಂದ ಮಾತ್ರಕ್ಕೆ ಅವರು ಪತ್ರ ಕೇಳಿದ ಹಾಗಲ್ಲ. "ತಿಂಗಳ ಪತ್ರ ಕಳಿಸಬಹುದಾ?" ಅಂತ ಪಕ್ಕದಲ್ಲೇ ಒಂದು ಚೌಕ ಇಡಿ, ಟಿಕ್ ಹಾಕಿದವರಿಗೆ ಮಾತ್ರ ಖಾತ್ರಿ ಮೇಲ್ ಕಳಿಸಿ. ಅದರೊಳಗಿನ ಲಿಂಕ್ ಒತ್ತಿದವರನ್ನೇ ಪಟ್ಟಿಗೆ ಸೇರಿಸಿ. ಮಳೆಯಲ್ಲಿ ನೆನೆದು ಬಂದವರು ಗೀಚಿದ ಅಕ್ಷರದಲ್ಲಿ 'ಎಲ್' ಯಾವುದು, 'ಐ' ಯಾವುದು ಗೊತ್ತಾಗುವುದಿಲ್ಲ. ತಪ್ಪು ವಿಳಾಸಗಳೂ ಇಲ್ಲೇ ಸೋಸಿಹೋಗುತ್ತವೆ. ಬೌನ್ಸ್ ಆದ, ಅಂದರೆ ಪತ್ರ ತಲುಪದೆ ವಾಪಸ್ ಬಂದ ವಿಳಾಸಗಳನ್ನು ಕೂಡಲೇ ತೆಗೆಯಿರಿ. ದುಡ್ಡು ಕೊಟ್ಟು ಪಟ್ಟಿ ಕೊಳ್ಳುವ ಯೋಚನೆ ಇದ್ದರೆ ನನ್ನ ಹತ್ತಿರ ಬರಲೇಬೇಡಿ.

'ಪತ್ರ ಬೇಡ' ಲಿಂಕನ್ನು ಮಸುಕು ಬಣ್ಣದಲ್ಲಿ ಬಚ್ಚಿಡುವವರಿದ್ದಾರೆ. ಲಿಂಕ್ ಸಿಗದವರು ಸೀದಾ 'ಸ್ಪ್ಯಾಮ್' ಒತ್ತುತ್ತಾರೆ. ಫೆಬ್ರವರಿ 2024ರಿಂದ ಜಿಮೇಲ್ ನಿಯಮದಂತೆ ಅಂಥ ದೂರು 0.3 ಶೇಕಡಾ ಮುಟ್ಟಬಾರದು, 0.1ರ ಒಳಗಿದ್ದರೆ ಒಳ್ಳೆಯದು. ಅಂದರೆ ಸಾವಿರ ಜನರಲ್ಲಿ ಮೂವರು ಒತ್ತಿದರೂ ಗಡಿಗೆ ಬಂದಿರಿ! ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರು ಒಂದೇ ಕ್ಲಿಕ್‌ನಲ್ಲಿ ಪಟ್ಟಿಯಿಂದ ಹೊರಬರುವ ವ್ಯವಸ್ಥೆ ಇಡಲೇಬೇಕು. ಚಿಕ್ಕವರೂ ಇಡಿ.

ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ತಿಂಗಳುಗಟ್ಟಲೆ ಸುಮ್ನಿದ್ದು, ಕಾಫಿ ಅರಳಿಸುವ ಹೂಮಳೆ ಬಿದ್ದ ಖುಷಿಗೆ ಇಡೀ ಪಟ್ಟಿಗೆ ಒಮ್ಮೆಲೇ ಕಳಿಸಬೇಡಿ. ಈಚೆಗೆ ತೆರೆದು ಓದಿದವರಿಂದ ಶುರು ಮಾಡಿ, ದಿನ ದಿನ ಹೆಚ್ಚಿಸಿ. ಹೂವಿನ ಫೋಟೊ ಹಾಕಿ, ಆದರೆ ವಿಷಯವನ್ನೆಲ್ಲ ಚಿತ್ರದೊಳಗೇ ಬರೆಯಬೇಡಿ. ಎಲ್ಲಿಗೆ ಹೋಗುತ್ತದೆಂದು ಕಾಣದ ಚುಟುಕು ಲಿಂಕ್‌ಗಳೂ ಬೇಡ.

ಜಿಮೇಲ್‌ನಲ್ಲಿ ಜಾಹೀರಾತು ಪತ್ರಗಳಿಗಿರುವ ಪ್ರೊಮೋಷನ್ಸ್ ಟ್ಯಾಬ್‌ಗೆ ಬಿದ್ದರೆ ಗಾಬರಿ ಬೇಡ, ಅದು ಸ್ಪ್ಯಾಮ್ ಅಲ್ಲ. ಪುಡಿ ಬೇಕಾದವರು ಅಲ್ಲಿಂದಲೂ ಆರ್ಡರ್ ಮಾಡ್ತಾರೆ.