ಮೂಲವಸ್ತುಗಳ ಡಿಜಿಟಲ್ ಟೋಕನ್: ಕೊಳ್ಳಬೇಡಿ, ತೋಟದ ಮನೆಯಲ್ಲೇ ಮಾಡಿ

ಆವರ್ತ ಕೋಷ್ಟಕವನ್ನು ಮಕ್ಕಳಿಗೆ ಹತ್ತಿರವಾಗಿಸಲು ಡಿಜಿಟಲ್ ಟೋಕನ್, ಅಂದರೆ ಒಂದೊಂದು ಮೂಲವಸ್ತುವಿಗೆ ಒಂದೊಂದು ಚಿತ್ರದ ಕಾರ್ಡ್, ಸಂಗ್ರಹಿಸುವ ಆಟ ಒಳ್ಳೆಯ ದಾರಿ. ಆದರೆ ಅನೇಕ ಮನೆಗಳಲ್ಲಿ ಅದು ಶುರುವಿನಲ್ಲೇ ಕೆಡುವುದನ್ನು ಕಂಡಿದ್ದೇನೆ. ಕೆಲವರು ದುಡ್ಡು ಕೊಟ್ಟು ಸಿದ್ಧ ಟೋಕನ್ ತರುತ್ತಾರೆ. ಇನ್ನು ಕೆಲವರು 118 ಮೂಲವಸ್ತುಗಳ ಹೆಸರುಗಳನ್ನು ಚಿತ್ರಗಳ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಾರೆ. ಎರಡೂ ಬೇಡ. ಮಗು ವಸ್ತುವನ್ನು ಕಣ್ಣಾರೆ ಕಂಡು, ಅದರ ಬಗ್ಗೆ ಒಂದು ಪ್ರಶ್ನೆಗೆ ಉತ್ತರ ಕೊಟ್ಟ ಮೇಲಷ್ಟೇ ಟೋಕನ್ ಅದರ ಹೆಸರಿಗೆ ಬರಬೇಕು. ಕೊಡಗಿನಲ್ಲಿ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಗೊಬ್ಬರದ ಕೋಣೆ ಮತ್ತು ಅಡುಗೆಮನೆ ಸಾಕು.

ಹಂತ 1: ಕ್ರಿಪ್ಟೊ ವಾಲೆಟ್ ತೆರೆಯಬೇಡಿ

ಕ್ರಿಪ್ಟೊ ವಾಲೆಟ್ ಎಂದರೆ ಡಿಜಿಟಲ್ ಆಸ್ತಿ ಇಟ್ಟುಕೊಳ್ಳುವ ಖಾತೆ. ಅದರಲ್ಲಿ ಎನ್‌ಎಫ್‌ಟಿ (ಮಾರಾಟಕ್ಕಿರುವ ಡಿಜಿಟಲ್ ಟೋಕನ್) ಕೊಂಡರೆ ಸಿಗುವುದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಕೊಂಡಿರುವ ಲೆಕ್ಕದ ಪುಸ್ತಕದಲ್ಲಿ, ಒಂದು ದಾಖಲೆ. ಚಿತ್ರ ಬಹುಪಾಲು ಬೇರೆಲ್ಲೋ ಇರುತ್ತದೆ. ಮಾರಿ ಲಾಭ ಬಂದರೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆಯೂ ಇದೆ. ಇದರಲ್ಲಿ ಮಗು ರಸಾಯನಶಾಸ್ತ್ರ ಕಲಿಯುವುದಿಲ್ಲ. ಒಳಗೇನಿದೆ ಎಂದು ತಿಳಿಯದ ‘ಅಚ್ಚರಿ ಪೆಟ್ಟಿಗೆ’ಗಳನ್ನಂತೂ ಮನೆಯೊಳಗೆ ಬಿಡಬೇಡಿ. ಅದು ಮಕ್ಕಳಿಗೆ ಕಲಿಸುವ ಜೂಜು.

ಹಂತ 2: ಹತ್ತಿರದ ಹತ್ತು–ಹನ್ನೆರಡನ್ನು ಆರಿಸಿ

ಮೈಲುತುತ್ತಿನ (ತಾಮ್ರದ ಸಲ್ಫೇಟ್) ತಾಮ್ರ, ಸುಣ್ಣದ ಕ್ಯಾಲ್ಸಿಯಂ, ಯೂರಿಯಾದ ಸಾರಜನಕ, ಪೊಟ್ಯಾಷ್ ಗೊಬ್ಬರದ ಪೊಟ್ಯಾಸಿಯಂ, ಶಿಲಾ ರಂಜಕ ಗೊಬ್ಬರದ ರಂಜಕ, ಪಾತ್ರೆಯ ಅಲ್ಯೂಮಿನಿಯಂ, ಕತ್ತಿಯ ಕಬ್ಬಿಣ, ಇದ್ದಿಲಿನ ಇಂಗಾಲ, ಉಪ್ಪಿನ ಅಯೋಡಿನ್, ಪೀಚೆಕತ್ತಿಯ (ಕೊಡವರ ಸೊಂಟದ ಕಿರುಗತ್ತಿ) ಬೆಳ್ಳಿ, ಪತ್ತಾಕಿನ (ಕೊಡವ ಹೆಂಗಸರ ಕೊರಳ ಒಡವೆ) ಚಿನ್ನ. ಪರಮಾಣು ಸಂಖ್ಯೆ 1ರಿಂದ ಕ್ರಮವಾಗಿ ಹೋಗುವ ಹಟ ಬೇಡ. ಎರಡನೆಯದಕ್ಕೇ ಹೀಲಿಯಂ ಬರುತ್ತದೆ, ಅದನ್ನು ಎಲ್ಲಿಂದ ತೋರಿಸುತ್ತೀರಿ?

ಹಂತ 3: ಟೋಕನ್‌ಗೆ ಎರಡು ಮುಖ ಕೊಡಿ

ಹೆಚ್ಚಿನವರು ಎಡವುವುದು ಇಲ್ಲೇ. ತಾಮ್ರದ ಟೋಕನ್ ಮೇಲೆ ನೀಲಿ ಹರಳಿನ ಚಿತ್ರ, ಪೊಟ್ಯಾಸಿಯಂ ಮೇಲೆ ಕೆಂಪು ಗೊಬ್ಬರದ ಚಿತ್ರ ಹಾಕಿಬಿಡುತ್ತಾರೆ. ಪೊಟ್ಯಾಸಿಯಂ ಎಂದರೆ ಕೆಂಪು ಕಲ್ಲು ಎಂದು ಮಗು ನಂಬುತ್ತದೆ. ವಾಸ್ತವದಲ್ಲಿ ಅದು ಚಾಕುವಿನಿಂದ ಕತ್ತರಿಸಬಹುದಾದ, ಬೆಳ್ಳಿಯಂತೆ ಹೊಳೆಯುವ ಮೆತ್ತನೆಯ ಲೋಹ. ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಗೊಬ್ಬರದಲ್ಲಿರುವುದು ಕ್ಲೋರಿನ್ ಜೊತೆ ಸೇರಿದ ಅದರ ಸಂಯುಕ್ತ. ಆ ಕೆಂಪು ಬಣ್ಣವೂ ಪೊಟ್ಯಾಸಿಯಂದಲ್ಲ, ಗೊಬ್ಬರದಲ್ಲಿ ಅಲ್ಪಸ್ವಲ್ಪ ಬೆರೆತ ಕಬ್ಬಿಣದ ಆಕ್ಸೈಡಿನದು.

ಆದ್ದರಿಂದ ಪ್ರತಿ ಟೋಕನ್‌ಗೆ ಎರಡು ಚಿತ್ರ ಮಾಡಿ. ಮುಂಭಾಗದಲ್ಲಿ ಶುದ್ಧ ಮೂಲವಸ್ತು, ಕನ್ನಡ ಹೆಸರು, ಸಂಕೇತ ಮತ್ತು ಪರಮಾಣು ಸಂಖ್ಯೆ ಇರಲಿ. ಹಿಂಭಾಗದಲ್ಲಿ ಅದು ನಮ್ಮ ಕಣ್ಣಿಗೆ ಬೀಳುವ ರೂಪವಿರಲಿ. ಪರಮಾಣು ತೂಕದ ದಶಮಾಂಶಗಳನ್ನು ಕೈಬಿಡಿ. ಹಿಂಭಾಗದ ಫೋಟೊವನ್ನು ಮಗುವೇ ತನ್ನ ತೋಟದಲ್ಲಿ ತೆಗೆಯಬೇಕು, ಇಂಟರ್ನೆಟ್‌ನಿಂದ ಎತ್ತಿದ ಚಿತ್ರ ಬೇಡ. ಸೂರ್ಯನ ಸುತ್ತ ಗ್ರಹಗಳಂತೆ ಎಲೆಕ್ಟ್ರಾನ್ ಸುತ್ತುವ ಮಿರಮಿರ ಮಿಂಚುವ ಸಿದ್ಧ ಕಾರ್ಡ್‌ಗಳನ್ನೂ ದೂರವಿಡಿ. ಎಲೆಕ್ಟ್ರಾನ್ ಹಾಗೆ ಸುತ್ತುವುದಿಲ್ಲ, ಮುಂದೆ ಕಾಲೇಜಿನಲ್ಲಿ ಅದನ್ನೆಲ್ಲ ಮರೆಸಬೇಕಾಗುತ್ತದೆ.

ಹಂತ 4: ಒಂದೇ ಪ್ರಶ್ನೆ, ಸರಿಯಾದ ಪ್ರಶ್ನೆ

‘ತಾಮ್ರದ ಸಂಕೇತವೇನು?’ ಎಂದು ಕೇಳಿ ಟೋಕನ್ ಕೊಟ್ಟರೆ ಎರಡನೇ ಹಂತದಿಂದ ಪಟ್ಟ ಶ್ರಮವೆಲ್ಲ ವ್ಯರ್ಥ. ಉತ್ತರ ಕಣ್ಣೆದುರಿನ ವಸ್ತುವಿನಿಂದ ಹೊರಡಬೇಕು. ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ಮಿಶ್ರಣ ತಯಾರಿಸುವ ದಿನ ಇದಕ್ಕೆ ಹೇಳಿಮಾಡಿಸಿದ್ದು. ಶೇ 1ರ ಮಿಶ್ರಣಕ್ಕೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಬರಿಸಿದ ಕತ್ತಿಯ ತುದಿಯನ್ನು ಅದರಲ್ಲಿ ಒಂದು ನಿಮಿಷ ಅದ್ದುವುದು ನಮ್ಮ ತೋಟಗಳಲ್ಲಿ ರೂಢಿಯಲ್ಲಿದೆ. ಸುಣ್ಣ ಕಡಿಮೆಯಾಗಿದ್ದರೆ ತುದಿಗೆ ಕೆಂಗಂದು ಲೇಪ ಹತ್ತುತ್ತದೆ. ಹಿರಿಯರು ಇನ್ನಷ್ಟು ಸುಣ್ಣದ ನೀರು ಸುರಿದು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನೀವು ಅಲ್ಲೇ ನಿಂತು ಮಗುವನ್ನು ಕೇಳಿ: ‘ನೀಲಿ ನೀರಿನಿಂದ ಕೆಂಪು ಹೇಗೆ ಬಂತು?’

‘ಕತ್ತಿಗೆ ತುಕ್ಕು ಹಿಡಿಯಿತು’ ಎನ್ನುವುದು ಮೊದಲು ಬರುವ ಉತ್ತರ. ಟೋಕನ್ ಕೊಡಬೇಡಿ, ಬೈಯಲೂ ಬೇಡಿ. ಇನ್ನೊಂದು ಕತ್ತಿಯನ್ನು ಬರೀ ನೀರಿನಲ್ಲಿ ಅಷ್ಟೇ ಹೊತ್ತು ಇಟ್ಟು ತೋರಿಸಿ. ಅದು ಕೆಂಪಾಗುವುದಿಲ್ಲ. ಆಗ ಮಗು ತಾನೇ ಯೋಚಿಸುತ್ತದೆ. ಕಬ್ಬಿಣದ ಕಣಗಳು ನೀರಿಗಿಳಿದವು, ನೀರಿನಲ್ಲಿ ಕರಗಿದ್ದ ತಾಮ್ರ ಲೋಹವಾಗಿ ಕತ್ತಿಯ ಮೇಲೆ ಕುಳಿತಿತು. ಇಷ್ಟನ್ನು ತನ್ನ ಮಾತಿನಲ್ಲಿ ಹೇಳಿದರೆ ತಾಮ್ರದ ಜೊತೆ ಕಬ್ಬಿಣದ ಟೋಕನ್ನನ್ನೂ ಕೊಟ್ಟುಬಿಡಿ. ಮೈಲುತುತ್ತು ವಿಷ. ಕಲಸುವುದು, ಅದ್ದುವುದು ಕೈಗವಸು ಹಾಕಿದ ದೊಡ್ಡವರ ಕೆಲಸ, ಮಗು ದೂರ ನಿಂತು ನೋಡಲಿ. ಬಕೆಟ್ ಪ್ಲಾಸ್ಟಿಕ್‌ನದೇ ಆಗಿರಲಿ. ಕಬ್ಬಿಣದ್ದಾದರೆ ತಾಮ್ರ ಅದಕ್ಕೂ ಅಂಟುತ್ತದೆ.

ಚಿನ್ನಕ್ಕೆ ಕೇಳಬೇಕಾದ ಪ್ರಶ್ನೆ: 916 ಎಂಬ ಮುದ್ರೆ ಇದ್ದರೆ ಉಳಿದ 84 ಪಾಲು ಏನು? ಸಾವಿರದಲ್ಲಿ 916 ಪಾಲು ಚಿನ್ನ, ಉಳಿದದ್ದು ಗಟ್ಟಿಯಾಗಲೆಂದು ಬೆರೆಸಿದ ತಾಮ್ರ, ಬೆಳ್ಳಿಯಂತಹ ಲೋಹಗಳು. ಸಾರಜನಕಕ್ಕೆ: ಗಾಳಿಯಲ್ಲಿ ಶೇ 78ರಷ್ಟು ಇದ್ದರೂ ಕಾಫಿ ಗಿಡಕ್ಕೆ ಯೂರಿಯಾ ಏಕೆ ಹಾಕುತ್ತೇವೆ? ಇದಕ್ಕೆ ಉತ್ತರಿಸಲು ಮಗುವಿಗೆ ವಾರ ಹಿಡಿಯಬಹುದು, ಹಿಡಿಯಲಿ.

ಹಂತ 5: ಲೆಕ್ಕದ ಪುಸ್ತಕ

ಸ್ಪ್ರೆಡ್‌ಶೀಟ್‌ನಲ್ಲಿ ಟೋಕನ್ ಸಂಖ್ಯೆ, ಯಾರಿಗೆ, ಯಾವ ದಿನ, ಯಾವ ಉತ್ತರಕ್ಕೆ ಎಂದು ನಾಲ್ಕು ಕಾಲಂ ಸಾಕು. ತಾಮ್ರದ ಪರಮಾಣು ಸಂಖ್ಯೆ 29, ಹಾಗಾಗಿ ಅದರ ಮೊದಲ ಟೋಕನ್‌ಗೆ 29–01 ಎನ್ನಿ. ಬರೆದ ಸಾಲನ್ನು ಅಳಿಸಬಾರದು, ತಪ್ಪಿದ್ದರೆ ಕೆಳಗೆ ಹೊಸ ಸಾಲು ಸೇರಿಸಿ. ಬ್ಲಾಕ್‌ಚೈನ್‌ನ ಒಂದು ಮುಖ್ಯ ನಿಯಮವೂ ಇದೇ ಎಂದು ದೊಡ್ಡ ಮಕ್ಕಳಿಗೆ ಹೇಳಬಹುದು. ಅದಲುಬದಲು ಮಾಡಿಕೊಳ್ಳಲಿ, ಆದರೆ ಪಡೆಯುವವರೂ ಅದೇ ಪ್ರಶ್ನೆಗೆ ಉತ್ತರಿಸಬೇಕು.

ಹಂತ 6: ಅಪರೂಪ ಯಾವುದು?

ಟೋಕನ್‌ಗಳಿಗೆ ಬೆಲೆ ನೋಡಿ ಅಪರೂಪದ ದರ್ಜೆ ಕೊಡಬೇಡಿ. ಭೂಮಿಯ ತೊಗಟೆಯಲ್ಲಿ ಎಷ್ಟಿದೆ ಎಂಬುದೇ ಅಳತೆ. ಆಮ್ಲಜನಕ ಸುಮಾರು ಶೇ 46, ಸಿಲಿಕಾನ್ ಶೇ 28, ಅಲ್ಯೂಮಿನಿಯಂ ಶೇ 8, ಕಬ್ಬಿಣ ಶೇ 5. ಅಲ್ಯೂಮಿನಿಯಂ ಇಷ್ಟು ಧಾರಾಳವಾಗಿದ್ದರೂ 1886ರಲ್ಲಿ ವಿದ್ಯುತ್ತಿನಿಂದ ಬೇರ್ಪಡಿಸುವ ಅಗ್ಗದ ವಿಧಾನ ಸಿಗುವವರೆಗೆ ಅದು ದುಬಾರಿ ಲೋಹವಾಗಿತ್ತು. ಬೆಲೆಗೂ ಲಭ್ಯತೆಗೂ ಇರುವ ಅಂತರವನ್ನು ಮಗು ಇಲ್ಲಿ ತಾನೇ ಹಿಡಿಯುತ್ತದೆ.

ಆವರ್ತ ಕೋಷ್ಟಕದಲ್ಲಿ ಟೋಕನ್ ಸಿಗದ ಉಳಿದ ಮನೆಗಳನ್ನು ಖಾಲಿ ಬಿಡಿ. 1869ರಲ್ಲಿ ಆವರ್ತ ಕೋಷ್ಟಕ ರಚಿಸಿದ ಮೆಂಡಲೀವ್ ಕೂಡ ಖಾಲಿ ಬಿಟ್ಟಿದ್ದರು. ಅವರು ಮೊದಲೇ ಊಹಿಸಿದ್ದ ಗ್ಯಾಲಿಯಂ 1875ರಲ್ಲಿ, ಸ್ಕ್ಯಾಂಡಿಯಂ 1879ರಲ್ಲಿ, ಜರ್ಮೇನಿಯಂ 1886ರಲ್ಲಿ ಸಿಕ್ಕವು. ಮಕ್ಕಳೂ ಖಾಲಿ ಮನೆಯ ಅಕ್ಕಪಕ್ಕ, ಮೇಲೆ ಕೆಳಗೆ ನೋಡಿ ಅಲ್ಲಿ ಬರುವ ವಸ್ತು ಲೋಹವೋ ಅಲ್ಲವೋ ಎಂದು ಊಹಿಸಿ ಬರೆದಿಡಲಿ.

ಮುಂಗಾರು ಹಿಡಿಯುವ ಮೊದಲು ಲೆಕ್ಕದ ಪುಸ್ತಕವನ್ನೂ ಚಿತ್ರಗಳನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಜೂನ್‌ನಿಂದಾಚೆಗೆ ಕರೆಂಟನ್ನೂ ನೆಟ್‌ವರ್ಕನ್ನೂ ನಂಬಲಾಗದು.