ಕೋಚಿಂಗ್ ಬಿಡಿಸಿ ಸ್ಟೈವೆಸೆಂಟ್ ಸೀಟು ಪಡೆದದ್ದು: ನನ್ನ ಅನುಭವ

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿರುವ ಕನ್ನಡದ ಮನೆಗಳಲ್ಲಿ ಮಗು ಆರನೇ ತರಗತಿ ದಾಟಿತೆಂದರೆ ‘ಎಸ್‌ಎಚ್‌ಎಸ್‌ಎಟಿಗೆ ಎಲ್ಲಿ ಕೋಚಿಂಗ್?’ ಎಂಬ ಪ್ರಶ್ನೆ ಎದುರಾಗಿಯೇ ತೀರುತ್ತದೆ. ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್‌ನಂಥ ನಗರದ ವಿಶೇಷ ಸರ್ಕಾರಿ ಹೈಸ್ಕೂಲುಗಳಿಗೆ ಇರುವ ಪ್ರವೇಶ ಪರೀಕ್ಷೆ ಅದು. ನಾನು ಏಳನೇ ತರಗತಿಯ ನಡುವೆ ಮಗಳನ್ನು ಕೋಚಿಂಗ್‌ನಿಂದ ಬಿಡಿಸಿದಾಗ, ದುಡ್ಡು ಉಳಿಸಲು ಹೋಗಿ ಮಗುವಿನ ಭವಿಷ್ಯ ಹಾಳು ಮಾಡುತ್ತಿದ್ದೀಯ ಎಂದು ಸ್ನೇಹಿತರು ಮುಖಕ್ಕೇ ಹೇಳಿದರು. 2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂದ ಮೇಲೆ ಅವರಲ್ಲಿ ಕೆಲವರು ನಮ್ಮ ನೋಟ್‌ಪುಸ್ತಕ ಕೇಳಿಕೊಂಡು ಬಂದರು. ಆದ್ದರಿಂದ ಈ ಬರಹ.

ಕೋಚಿಂಗ್‌ಗೆ ಸುರಿದದ್ದು ಮೂರು ಸಾವಿರ ಡಾಲರ್‌ಗೂ ಮೇಲೆ. ನಡುವೆ ಬಿಟ್ಟದ್ದರಿಂದ ಒಂದು ಸೆಂಟೂ ಮರಳಲಿಲ್ಲ. ಪ್ರತಿ ಶನಿವಾರ ಮಾದರಿ ಪರೀಕ್ಷೆ, ಭಾನುವಾರ ಉತ್ತರಗಳ ವಿವರಣೆ, ಮತ್ತೆ ಹೊಸ ಪ್ರಶ್ನೆಪತ್ರಿಕೆ. ಹೀಗೆ ಕಟ್ಟುಗಟ್ಟಲೆ ಕಾಗದ ಸವೆದರೂ ಅಂಕ 480ರ ಹತ್ತಿರವೇ ನಿಂತಿತ್ತು. ಸ್ಟೈವೆಸೆಂಟ್‌ಗೆ 560ರ ಆಸುಪಾಸು ಬೇಕು, ಬ್ರೂಕ್ಲಿನ್ ಟೆಕ್‌ಗಾದರೂ 500 ದಾಟಬೇಕು. ಮಗಳು ಎಲ್ಲಿ ತಪ್ಪುತ್ತಿದ್ದಾಳೆಂದು ಕೇಳಿದರೆ ‘ಇನ್ನಷ್ಟು ಅಭ್ಯಾಸ ಬೇಕು’ ಎಂಬುದಷ್ಟೇ ಅವರ ಉತ್ತರ.

ಮನೆಯಲ್ಲಿ ನಾವು ಮಾಡಿದ್ದು ಹೊಸ ಪತ್ರಿಕೆಗಳನ್ನು ನಿಲ್ಲಿಸಿ, ಹಳೆಯ ತಪ್ಪುಗಳನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಕಾಲಂ ಮಾಡಿ ಬರೆದದ್ದು: ವಿಧಾನ ತಿಳಿಯದು, ಲೆಕ್ಕ ತಪ್ಪಿತು, ಸಮಯ ಸಾಲದಾಯಿತು, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ. ಗಣಿತದ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದು ಬಿದ್ದದ್ದು ಕೊನೆಯ ಕಾಲಂಗೆ. ಉದಾಹರಣೆಗೆ, ಕೆಂಪು ಮತ್ತು ನೀಲಿ ಗೋಲಿಗಳು 3:5ರ ಅನುಪಾತದಲ್ಲಿವೆ, ಒಟ್ಟು 40, ಕೆಂಪಿಗಿಂತ ನೀಲಿ ಎಷ್ಟು ಹೆಚ್ಚು ಎಂಬ ಪ್ರಶ್ನೆ. ಮಗಳು ನೀಲಿ 25 ಎಂದು ಸರಿಯಾಗಿಯೇ ಕಂಡುಹಿಡಿದು, ಆಯ್ಕೆಗಳಲ್ಲಿ 25 ಕಂಡೊಡನೆ ಅದನ್ನೇ ಗುರುತಿಸಿ ಮುಂದಕ್ಕೆ ಹೋಗಿದ್ದಳು, ಕೇಳಿದ್ದು 10. ಪ್ರಶ್ನೆ ತೆಗೆಯುವವರು ಇಂಥ ಅರ್ಧದಾರಿಯ ಉತ್ತರವನ್ನು ಬೇಕೆಂದೇ ಆಯ್ಕೆಗಳ ನಡುವೆ ಇಟ್ಟಿರುತ್ತಾರೆ. ಲೆಕ್ಕಕ್ಕೆ ಕೈಹಾಕುವ ಮುನ್ನ ಕೊನೆಯ ವಾಕ್ಯದಡಿ ಗೆರೆ ಎಳೆಯಲೇಬೇಕು ಎಂಬ ಒಂದೇ ನಿಯಮದಿಂದ ಬೇಸಿಗೆಯ ಹೊತ್ತಿಗೆ ಗಣಿತದ 57 ಪ್ರಶ್ನೆಗಳಲ್ಲಿ ತಪ್ಪು ನಾಲ್ಕೈದಕ್ಕೆ ಇಳಿಯಿತು.

ಎರಡನೆಯ ನಿರ್ಧಾರದ ಬಗ್ಗೆ ಹೆಚ್ಚು ತಕರಾರು ಬಂದಿತ್ತು. ಇಂಗ್ಲಿಷ್ ಹಿಂದುಳಿದಿದೆ, ಅದನ್ನೇ ತಿಕ್ಕಿಸು ಎಂದು ಎಲ್ಲರೂ ಹೇಳುತ್ತಿರುವಾಗ ನಾನು ಮುಕ್ಕಾಲು ಪಾಲು ಸಮಯವನ್ನು ಗಣಿತಕ್ಕೇ ಕೊಟ್ಟೆ. ಸರಿಯುತ್ತರಗಳ ಸಂಖ್ಯೆಯನ್ನು ಅಂಕವಾಗಿ ಪರಿವರ್ತಿಸುವ ಕ್ರಮ ಇಲ್ಲಿ ಸರಳರೇಖೆಯಲ್ಲ. ನಡುಮಟ್ಟದಲ್ಲಿ ಒಂದು ಉತ್ತರ ಹೆಚ್ಚಿದರೆ ಸಿಗುವುದಕ್ಕಿಂತ ತುದಿಯ ಹತ್ತಿರ ಒಂದು ಹೆಚ್ಚಿದರೆ ಸಿಗುವ ಅಂಕ ಬಹಳ ಹೆಚ್ಚು. ಎರಡರಲ್ಲೂ ಸುಮಾರಾಗಿರುವ ಮಗುವಿಗಿಂತ ಒಂದರಲ್ಲಿ ತುದಿ ಮುಟ್ಟಿದ ಮಗುವಿಗೆ ಲಾಭ. ಗಣಿತಕ್ಕಿಂತ ಇಂಗ್ಲಿಷ್ ಬಲವಾಗಿರುವ ಮಗುವಾದರೆ ಇದನ್ನೇ ತಿರುಗಿಸಿಕೊಳ್ಳಬೇಕು.

ಇಂಗ್ಲಿಷ್‌ಗೆ ಒಂದು ವಿಚಿತ್ರ ಪ್ರಯೋಗವನ್ನೂ ಮಾಡಿದೆವು. ಮಗಳು ದಿನಕ್ಕೊಂದು ಪತ್ರಿಕಾ ಲೇಖನ ಓದಿ, ಅದರ ಸಾರವನ್ನು ಶಿವಮೊಗ್ಗದಲ್ಲಿರುವ ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಬೇಕು. ‘ಅದೆಲ್ಲ ಸರಿ ಪುಟ್ಟಿ, ಕೊನೆಗೆ ಅವನು ಹೇಳೋದಾದ್ರೂ ಏನು?’ ಎಂದು ಅಜ್ಜಿ ಕೇಳಿದಾಗ ತಡವರಿಸಿದರೆ ಲೇಖನವನ್ನು ಮತ್ತೊಮ್ಮೆ ಓದಬೇಕು. ಗದ್ಯಭಾಗದ ಮುಖ್ಯ ಅಭಿಪ್ರಾಯ ಕೇಳುವ ಪ್ರಶ್ನೆಗಳು ಇದರಿಂದ ಸುಧಾರಿಸಿದವು. ವಾಕ್ಯ ತಿದ್ದುವ ಪ್ರಶ್ನೆಗಳಿಗೆ ಏನೂ ಉಪಯೋಗವಾಗಲಿಲ್ಲ, ಅಲ್ಲಿ ವ್ಯಾಕರಣದ ನಿಯಮಗಳನ್ನು ಬಾಯಿಪಾಠ ಮಾಡಿದ್ದೇ ಕೆಲಸಕ್ಕೆ ಬಂದದ್ದು. ಗದ್ಯಭಾಗಗಳನ್ನು ಯಾವ ಕ್ರಮದಲ್ಲಿ ಎತ್ತಿಕೊಳ್ಳುತ್ತಿದ್ದಳೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಗ ಇನ್ನೂ ಪರೀಕ್ಷೆ ಬರೆಯಬೇಕಿದೆ. ಶಿಕ್ಷಣ ಇಲಾಖೆಯ ಕೈಪಿಡಿ ಉಚಿತ; ಪುಸ್ತಕ, ಲೈಬ್ರರಿಯ ಪ್ರಿಂಟ್ ಎಲ್ಲ ಸೇರಿ ಮನೆಯ ಖರ್ಚು ಇನ್ನೂರು ಡಾಲರ್ ಮುಟ್ಟಿರಲಿಕ್ಕಿಲ್ಲ.

ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯುವಾಗ ನಮ್ಮವರು ವಿನಾಕಾರಣ ಹೆದರುತ್ತಾರೆ. ಮೊದಲ ಸ್ಥಾನಕ್ಕೆ ಸ್ಟೈವೆಸೆಂಟ್ ಬರೆದು ಅದು ತಪ್ಪಿದರೆ ಎರಡನೆಯದೂ ಕೈಬಿಡುತ್ತದೆ ಎಂಬುದು ಸುಳ್ಳು. ಅತಿ ಹೆಚ್ಚು ಅಂಕದವರಿಂದ ಆರಂಭಿಸಿ, ಪ್ರತಿಯೊಬ್ಬರಿಗೂ ಅವರ ಪಟ್ಟಿಯಲ್ಲಿ ಇನ್ನೂ ಸೀಟು ಉಳಿದಿರುವ ಮೊದಲ ಶಾಲೆಯನ್ನು ಕೊಡುತ್ತಾ ಹೋಗುತ್ತಾರೆ. ಹಾಗಾಗಿ ಇಷ್ಟದ ಕ್ರಮವನ್ನೇ ಬರೆದರಾಯಿತು. ಪಟ್ಟಿ ಬರೆಯುವ ಮುನ್ನ ಒಂದು ಮುಂಜಾನೆ ಮಗಳನ್ನು ಬಸ್ಸಿನಲ್ಲಿ ಕ್ವೀನ್ಸ್‌ನಲ್ಲೇ ಇರುವ ಜಮೈಕಾಗೆ, ಅಲ್ಲಿಂದ ‘ಇ’ ಎಂಬ ಸಬ್‌ವೇ ರೈಲಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ವರೆಗೆ ಕರೆದೊಯ್ದೆ. ಚೇಂಬರ್ಸ್ ಬೀದಿಯ ಸ್ಟೈವೆಸೆಂಟ್ ಶಾಲೆಯ ಬಾಗಿಲು ಮುಟ್ಟುವಾಗ ಒಂದೂವರೆ ಗಂಟೆಯಾಗಿತ್ತು. ಅವಳು ಒಪ್ಪಿದಳು, ಆದರೆ ಎರಡನೆಯದಾಗಿ ಬ್ರಾಂಕ್ಸ್ ಸೈನ್ಸ್ ಬದಲು ಯಾರ್ಕ್ ಕಾಲೇಜಿನ ಆವರಣದಲ್ಲಿರುವ ಕ್ವೀನ್ಸ್‌ನ ವಿಜ್ಞಾನ ಶಾಲೆಯನ್ನೇ ಬರೆದಳು. ಉಳಿದ ಹೈಸ್ಕೂಲುಗಳಿಗಾಗಿ 12 ಆಯ್ಕೆಗಳ ಬೇರೆ ಪಟ್ಟಿಯನ್ನೂ ತುಂಬಿದೆವು. ಅಲ್ಲಿ ಲಾಟರಿ ಸಂಖ್ಯೆಯದೂ ಮಾತಿದೆ; ನಮ್ಮದು ಸರದಿಯ ಕೊನೆಯ ಕಡೆಗೆ ಬೀಳುವ ‘ಡಿ’ ಅಕ್ಷರದಿಂದ ಶುರುವಾಗಿದ್ದರಿಂದ ಆ ಕಡೆಯ ಆಸೆಯನ್ನು ಮೊದಲೇ ಕೈಬಿಟ್ಟಿದ್ದೆ.

ಮಗಳು ಬರೆದದ್ದು ಕಾಗದದ ಪರೀಕ್ಷೆ. 2025ರ ಶರತ್ಕಾಲದಿಂದ ಅದು ಕಂಪ್ಯೂಟರಿಗೆ ಬಂದಿದೆ. ಹಾಗಾಗಿ ಮಗನಿಗೆ ಪರದೆಯ ಮೇಲಿನ ಪ್ರಶ್ನೆ ನೋಡಿ ಪಕ್ಕದ ಹಾಳೆಯಲ್ಲಿ ‘ಕೇಳಿದ್ದೇನು’ ಎಂದು ಎರಡು ಪದ ಗೀಚಿಕೊಳ್ಳುವುದನ್ನು ರೂಢಿ ಮಾಡಿಸುತ್ತಿದ್ದೇನೆ. ಸದ್ಯಕ್ಕೆ ಅವನಿಗೆ ಪ್ರತಿ ಪ್ರಶ್ನೆಗೆ ಕೆಲವು ಸೆಕೆಂಡು ಹೆಚ್ಚು ಹಿಡಿಯುತ್ತಿದೆ.